ಗುಂಡಿ ಅಕ್ಕನ ಕಾರು ಇಳಿಜಾರು ಇಳಿದದ್ದು

ಆಕೆಯ ಅಂಗಡಿಯಲ್ಲಿ ಅಂಗಿಗೆ ಹಾಕುವ ಗುಂಡಿ, ಜಿಪ್ಪು, ಲೇಸು, ದಾರದ ಉಂಡೆ, ಇಷ್ಟೇ ಸಿಗುತ್ತಿದ್ದದ್ದು. ಮೂರು ಜನ ಒಟ್ಟಿಗೆ ಬಂದರೆ ಒಬ್ಬರು ಹೊರಗೇ ನಿಲ್ಲಬೇಕು, ಅಷ್ಟು ಚಿಕ್ಕ ಅಂಗಡಿ. ಯಾರಾದರೂ ಹಳೇ ಕೋಟು ತಂದು ಒಂದೇ ಒಂದು ಗುಂಡಿ ಉದುರಿದೆ ಎಂದರೆ ಸಾಕು, ಸೀಸೆಗಳನ್ನೆಲ್ಲ ಮಗುಚಿ ಅದಕ್ಕೆ ಜೋಡಿಯಾಗುವುದನ್ನು ಹುಡುಕಿ ಕೊಡುವ ತನಕ ಬಿಡುತ್ತಿರಲಿಲ್ಲ. ಹಾಗಾಗಿ ಬೀದಿಗೆಲ್ಲ ಆಕೆ ಗುಂಡಿ ಅಕ್ಕ. ಕಾರು ಓಡಿಸಲು ಕಲಿತ ಹೊಸದರಲ್ಲಿ ರಸ್ತೆಯ ಗುಂಡಿಗಳನ್ನು ತಪ್ಪಿಸಲು ಹೋಗಿ ಹಾವಿನ ಹಾಗೆ ಹರಿದಾಡುತ್ತಿದ್ದಳು. ಅದನ್ನು ನೋಡಿದ ಪಕ್ಕದ ಮನೆಯವರು, "ಏನು ಅಕ್ಕ, ಸ್ವಂತ ಹೆಸರಿನವರ ಮೇಲೇ ಇಷ್ಟು ಸಿಟ್ಟಾ?" ಎಂದು ರೇಗಿಸುತ್ತಿದ್ದರು.

ಗಂಡ ಎತ್ತರದ ಕಚೇರಿ ಕಟ್ಟಡವೊಂದರಲ್ಲಿ ಲಿಫ್ಟ್ ನಡೆಸುತ್ತಿದ್ದ. ಸ್ಟೂಲಿನ ಮೇಲೆ ಕೂತು, ಬಂದವರನ್ನೆಲ್ಲ "ಮೇಲೆ? ಕೆಳಗೆ?" ಎಂದು ಕೇಳುತ್ತಲೇ ಅರ್ಧ ಆಯುಸ್ಸು ಕಳೆದವನು. ಎಲ್ಲರ ಬಾಯಲ್ಲಿ ಅವನು ಲಿಫ್ಟಣ್ಣ. ಹಲ್ಲಿನ ಡಾಕ್ಟರೊಬ್ಬರು ಬೇಡವೆಂದು ಮಾರಿದ ಹಳೇ ಪುಟ್ಟ ಕಾರೊಂದನ್ನು ಕೊಂಡು, ರಜೆಯ ದಿನವೆಲ್ಲ ಅದರ ಹೊಟ್ಟೆಯೊಳಗೆ ತಲೆ ಹಾಕಿಕೊಂಡಿರುತ್ತಿದ್ದ. ಯಾರೂ ಕಲಿಸಿದ್ದಲ್ಲ, ಬಿಚ್ಚಿ ಬಿಚ್ಚಿ ಕಲಿತದ್ದು. ಪಕ್ಕದಲ್ಲಿ ನಿಂತು ಸ್ಪ್ಯಾನರ್ ಕೊಡುವುದು ಗುಂಡಿ ಅಕ್ಕನ ಪಾಲಿನ ಕೆಲಸ. ಕೊಟ್ಟದ್ದು ದೊಡ್ಡದಾದರೆ, "ಇದಲ್ಲ, ಇದರ ತಮ್ಮನ್ನ ಕೊಡು" ಎನ್ನುತ್ತಿದ್ದ. ಚಿಕ್ಕದಾದರೆ, "ಇದರಣ್ಣ ಎಲ್ಲಿ?"

ಒಂದು ಬೆಳಗ್ಗೆ ಹಲ್ಲುಜ್ಜುತ್ತಿದ್ದವನ ಕೈಯಿಂದ ಬ್ರಷ್ಷು ಜಾರಿತು. ಬಲಗೈ, ಬಲಗಾಲು ಎರಡೂ ಸತ್ತಂತಾದವು. ಜೀವ ಉಳಿಯಿತು, ಮಾತು ಹೋಯಿತು. ತಿಂಗಳುಗಳ ಮೇಲೆ ನಾಲಿಗೆಗೆ ಬಂದು ಸೇರಿದ್ದು ಕೆಲವೇ ಪದಗಳು: ಮೇಲೆ, ಕೆಳಗೆ, ಸಾಕು, ಜೊತೆಗೊಂದು ಬೈಗುಳ. ನೀರು ಬೇಕಾದರೂ ಮೇಲೆ, ಬಾಗಿಲು ಹಾಕಬೇಕಾದರೂ ಮೇಲೆ. ನೋಡಲು ಬಂದವರು, "ಪಾಪ, ಇನ್ನೂ ಲಿಫ್ಟಿನಲ್ಲೇ ಇದಾರೆ" ಎಂದು ಅತ್ತ ತಿರುಗಿ ನಗುತ್ತಿದ್ದರು. ಗುಂಡಿ ಅಕ್ಕನಿಗೂ ಬರಬರುತ್ತ ಆ ಪದಗಳು ಗಡಿಯಾರದ ಟಿಕ್ ಟಿಕ್‌ನಂತೆ ಕಿವಿಗೆ ಬಿದ್ದೂ ಬೀಳದಂತಾದವು.

ಅವರ ಬೀದಿ ಇದ್ದದ್ದು ಗುಡ್ಡದ ನೆತ್ತಿಯಲ್ಲಿ. ಆಸ್ಪತ್ರೆ, ಗ್ಯಾರೇಜು, ಬಸ್ ನಿಲ್ದಾಣ ಎಲ್ಲವೂ ಬುಡದಲ್ಲಿ. ಕಾಲಿನ ವ್ಯಾಯಾಮಕ್ಕೂ ಮಾತಿನ ಅಭ್ಯಾಸಕ್ಕೂ ವಾರವಾರ ಅವನನ್ನು ಕೆಳಗೆ ಕರೆದೊಯ್ಯಬೇಕಿತ್ತು. ಒಂದು ದಿನ ಅವನು ಇಳಿಯುವಷ್ಟರಲ್ಲೇ ಬಸ್ಸು ಹೊರಟುಬಿಟ್ಟು, ಮುಖ ಅಡಿಯಾಗಿ ರಸ್ತೆಗೆ ಬಿದ್ದ. ಮೂಗಿನಿಂದ ರಕ್ತ ಸೋರುತ್ತಿದ್ದ ಗಂಡನನ್ನು ಎಬ್ಬಿಸಿ ಕೂರಿಸುವಾಗಲೇ ಆಕೆ ತೀರ್ಮಾನ ಮಾಡಿದಳು. ಇನ್ನು ಬಸ್ಸಿನ ಸಹವಾಸ ಬೇಡ. ಮನೆಯಲ್ಲೇ ಕಾರಿದೆ.

ಕಾರಿತ್ತು ನಿಜ. ಆದರೆ ಒಂದೂವರೆ ವರ್ಷ ಶೆಡ್ಡಿನಲ್ಲಿ ನಿಂತಲ್ಲೇ ನಿಂತು ನಾಲ್ಕೂ ಟೈರು ನೆಲಕ್ಕೆ ಅಂಟಿದ್ದವು. ಬ್ರೇಕ್ ತುಕ್ಕು ಹಿಡಿದು ಚಕ್ರವನ್ನು ಕಚ್ಚಿಕೊಂಡಿತ್ತು. ಗ್ಯಾರೇಜಿನವನಿಗೆ ಫೋನ್ ಮಾಡಿದರೆ, "ಗಾಡಿ ತಂದ್ಬಿಡಿ ಅಕ್ಕ, ನೋಡೋಣ" ಎಂದ.

"ಬ್ರೇಕ್ ಕೆಟ್ಟಿರೋ ಗಾಡೀನ ಇಳಿಜಾರಲ್ಲಿ ಹೇಗಪ್ಪ ತರಲಿ?"

"ಅದೂ ಹೌದು. ಎಳ್ಕೊಂಡು ಬರೋ ಗಾಡಿ ಕಳಿಸ್ತೀನಿ."

ಆ ಗಾಡಿ ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಕಾದು ಕಾದು ಸಾಕಾಗಿ, ಗುಂಡಿ ಅಕ್ಕ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ತಾನೇ ಜಾಕಿ ಎತ್ತಿದಳು.

ಟೈರಿನ ಕೆಲಸ ಅಷ್ಟು ಕಷ್ಟವಾಗಲಿಲ್ಲ. ಟ್ಯೂಬನ್ನು ಹೊರಗೆಳೆದು, ಗಾಳಿ ತುಂಬಿ, ಬಕೆಟ್ಟಿನ ನೀರಿನಲ್ಲಿ ಅದ್ದಿ, ಗುಳ್ಳೆ ಎದ್ದಲ್ಲಿ ಗುರುತು ಮಾಡಿ ಪ್ಯಾಚ್ ಹಾಕಿದಳು. ಲಿಫ್ಟಣ್ಣ ಕುರ್ಚಿಯಲ್ಲಿ ಕೂತು ನೋಡುತ್ತಿದ್ದ. ಗುಳ್ಳೆ ಅವಳ ಕಣ್ಣಿಗೆ ಬೀಳದಿದ್ದಾಗ ಊರುಗೋಲಿನಿಂದ ತೋರಿಸುತ್ತಿದ್ದ. ಎಷ್ಟೋ ಕಾಲದ ಮೇಲೆ ಅವನ ಮುಖದಲ್ಲಿ ಒಂದು ಕಳೆ ಬಂದಿತ್ತು.

ಬ್ರೇಕಿನದು ಬೇರೆಯೇ ಪಾಡು. ಮುಂದಿನ ಎರಡು ಚಕ್ರಗಳಲ್ಲೂ ತಿರುಗುವ ಉಕ್ಕಿನ ತಟ್ಟೆಯನ್ನು ಎರಡು ಕಡೆಯಿಂದ ಅಮುಕಿ ಹಿಡಿಯುವ ಭಾರದ ಭಾಗವೊಂದಿರುತ್ತದೆ. ಅದಕ್ಕೆ ಕ್ಯಾಲಿಪರ್ ಎನ್ನುತ್ತಾರೆ. ಎಡಕ್ಕೊಂದು, ಬಲಕ್ಕೊಂದು. ಎರಡನ್ನೂ ಬಿಚ್ಚಿ, ತುಕ್ಕು ಉಜ್ಜಿ, ಒಳಗಿನ ರಬ್ಬರ್ ಬದಲಾಯಿಸಿ, ಒಂದೇ ಹಳೇ ಬೆಡ್‌ಶೀಟಿನ ಮೇಲೆ ಅಕ್ಕಪಕ್ಕ ಇಟ್ಟಳು. ಅಷ್ಟರಲ್ಲಿ ಆಕೆಯ ತಮ್ಮ ಬಂದ. ಅವನಿಗೆ ಶಾಲೆಯ ಆಫೀಸಿನಲ್ಲಿ ಕೆಲಸ; ಅಕ್ಕನ ಮೇಲೆ ಪ್ರೀತಿಗಿಂತ ಅಂಜಿಕೆಯೇ ಒಂದು ತೂಕ ಹೆಚ್ಚು.

"ಅಕ್ಕ, ಇದು ಅಂಗಿಗೆ ಗುಂಡಿ ಹಚ್ಚೋ ಕೆಲಸ ಅಲ್ಲ. ಬ್ರೇಕು. ಬಿಟ್ಬಿಡು."

"ಬಿಟ್ಟು ಏನ್ಮಾಡ್ಲಿ? ನಿಮ್ಮ ಭಾವನ್ನ ನೀನು ಹೊತ್ಕೊಂಡು ಹೋಗ್ತೀಯಾ?"

"ಅದಕ್ಕಲ್ಲ ನಾನು ಹೇಳಿದ್ದು…"

"ಹಾಗಾದ್ರೆ ಆ ಸ್ಪ್ಯಾನರ್ ಇಲ್ಲಿ ಕೊಡು."

ಮಾತಿಗೆ ಮಾತು ಬೆಳೆದು ತಮ್ಮ ಎದ್ದು ಹೋದ. ಆ ಸಿಟ್ಟಿನಲ್ಲೇ ಆಕೆ ಕ್ಯಾಲಿಪರ್‌ಗಳನ್ನು ಎತ್ತಿ ಎರಡೂ ಚಕ್ರಗಳಿಗೆ ಬಿಗಿದಳು. ಬೋಲ್ಟುಗಳು ಸಲೀಸಾಗಿ ಕೂತವು. ಯಾವುದು ಎಡ, ಯಾವುದು ಬಲ ಎಂಬ ಅನುಮಾನವೇ ಬರಲಿಲ್ಲ.

ಆಮೇಲೆ ಕೊಳವೆಯೊಳಗಿನ ಗಾಳಿ ತೆಗೆಯಬೇಕು. ಬ್ರೇಕ್ ಆಯಿಲ್ ಜೊತೆ ಗಾಳಿ ಉಳಿದರೆ ಬ್ರೇಕ್ ಹಿಡಿಯುವುದಿಲ್ಲ. ಅದಕ್ಕೆ ಇಬ್ಬರು ಬೇಕು. ಒಬ್ಬರು ಒಳಗೆ ಕೂತು ಪೆಡಲ್ ಒತ್ತಬೇಕು, ಇನ್ನೊಬ್ಬರು ಚಕ್ರದ ಬಳಿ ಕೂತು ಕ್ಯಾಲಿಪರ್‌ನ ಪುಟ್ಟ ತಿರುಪು ಸಡಿಲಿಸಿ ಗಾಳಿ ಹೊರಬಿಡಬೇಕು. ಲಿಫ್ಟಣ್ಣನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದಳು. ಬಲಗಾಲಿಗೆ ಶಕ್ತಿಯಿಲ್ಲ, ಎಡಗಾಲನ್ನೇ ಅಡ್ಡಲಾಗಿ ಚಾಚಿ ಒತ್ತತೊಡಗಿದ.

"ಒತ್ತಿ… ಹಿಡ್ಕೊಳ್ರೀ… ಹೂಂ, ಬಿಡಿ."

ಮಧ್ಯಾಹ್ನವಿಡೀ ಇದೇ. ಒಂದಿಷ್ಟು ಗುಳ್ಳೆ ಬಂದವು, ಆಮೇಲೆ ಬರೀ ಆಯಿಲ್ ಬಂತು. ಪೆಡಲ್ ಮೊದಲ ಒತ್ತಿಗೆ ಮೆತ್ತಗೆ ಹೋಗುತ್ತಿತ್ತು, ನಾಲ್ಕೈದು ಸಲ ಒತ್ತಿದರೆ ಗಟ್ಟಿಯಾಗುತ್ತಿತ್ತು. ಹಳೇ ಗಾಡಿ, ಇಷ್ಟೇ ಇರಬೇಕು ಎಂದುಕೊಂಡಳು.

ಲಿಫ್ಟಣ್ಣ ಇಳಿದು, ಕಾರು ಹಿಡಿದುಕೊಂಡು ಮುಂದಿನ ಚಕ್ರದ ಬಳಿ ಬಂದ. ಬಗ್ಗಿ ನೋಡಿದವನ ಮುಖ ಬಿಗಿಯಿತು.

"ಮೇಲೆ" ಎಂದ.

"ಮೆಟ್ಟಿಲು ಹತ್ತಿ ಮನೆಗೆ ಹೋಗ್ಬೇಕಾ? ತಾಳಿ, ಚಕ್ರ ಹಾಕ್ಬಿಡ್ತೀನಿ."

ಅವನು ತಲೆ ಅಲ್ಲಾಡಿಸಿದ. ಊರುಗೋಲಿನಿಂದ ಕ್ಯಾಲಿಪರ್ ಕುಟ್ಟಿದ. "ಮೇಲೆ. ಮೇಲೆ."

ಆಕೆ ಜಾಕಿಯನ್ನು ಇನ್ನೊಂದಿಷ್ಟು ಮೇಲೆತ್ತಿದಳು. ಅವನು ಬೈದ. ಆ ಒಂದು ಬೈಗುಳ ಮಾತ್ರ ಅವನ ಬಾಯಲ್ಲಿ ತಡವರಿಸದೆ ಬರುತ್ತಿತ್ತು. ಬೆವರು, ಆಯಿಲ್ಲಿನ ವಾಸನೆ, ತಮ್ಮ ಆಡಿಹೋದ ಮಾತು ಎಲ್ಲ ಸೇರಿ ಆಕೆಗೂ ರೇಗಿತು. "ನನ್ನ ತಲೆ ತಿನ್ಬೇಡಿ" ಎಂದು ಹೇಳಿ ಚಕ್ರ ಹಾಕಿ ನಟ್ಟು ಬಿಗಿದಳು.

ಮರುದಿನ ಬೆಳಗ್ಗೆ ಬೀದಿಯ ಸಮತಟ್ಟಿನಲ್ಲಿ ಎರಡು ಸುತ್ತು ಓಡಿಸಿದಳು. ಕಾರು ನಿಂತಿತು. ಇಳಿಜಾರಿನಲ್ಲೂ ಒಮ್ಮೆ ಒಬ್ಬಳೇ ಹೋಗಿ ನೋಡಿ ಬರುತ್ತೇನೆಂದು ಹೊರಟರೆ, ಲಿಫ್ಟಣ್ಣ ಗೇಟಿಗೆ ಅಡ್ಡ ನಿಂತಿದ್ದ. ಎಷ್ಟು ಹೇಳಿದರೂ ಸರಿಯಲಿಲ್ಲ. ಕೊನೆಗೆ ಆಕೆ ಇಳಿದು ಬಂದು ಅವನ ತೋಳು ಹಿಡಿದು ಬದಿಗೆ ನಿಲ್ಲಿಸಿದಳು. ಅವನು ಒಂದು ಗಳಿಗೆ ಆಕೆಯ ಮುಖವನ್ನೇ ನೋಡಿದ. ಆಮೇಲೆ ಕುಂಟುತ್ತ ಹೋಗಿ ಪಕ್ಕದ ಬಾಗಿಲು ತೆರೆದು ಒಳಗೆ ಕೂತ. ಎಡಗೈಯನ್ನು ಮೈಗೆ ಅಡ್ಡಲಾಗಿ ಚಾಚಿ, ಇಬ್ಬರ ನಡುವಿನ ಹ್ಯಾಂಡ್‌ಬ್ರೇಕ್ ಹಿಡಿದ.

"ಭಯ ಆದ್ರೆ ಮನೇಲೇ ಇರಿ" ಎಂದಳು. ಅವನು ಕೈ ತೆಗೆಯಲಿಲ್ಲ.

ಮೊದಲ ತಿರುವು ಚೆನ್ನಾಗಿಯೇ ದಾಟಿತು. ಎರಡನೆಯದರಲ್ಲಿ ಪೆಡಲ್ ಸ್ವಲ್ಪ ಹೆಚ್ಚು ಆಳಕ್ಕೆ ಹೋಯಿತು. ಎರಡು ಸಲ ಒತ್ತಿದಳು, ಹಿಡಿಯಿತು. ಅದರ ಮುಂದೆ ರಸ್ತೆ ನೇರವಾಗಿ ಬುಡಕ್ಕೆ ಬೀಳುತ್ತದೆ. ಎಡಕ್ಕೆ ಗೇಣೆತ್ತರದ ಕಲ್ಲಿನ ಕಟ್ಟೆ, ಬಲಕ್ಕೆ ಮನೆಗಳ ಸಾಲು, ತುದಿಯಲ್ಲಿ ಬಸ್ಸುಗಳು ತಿರುಗುವ ವೃತ್ತ. ಅದಕ್ಕೂ ಮೊದಲು ನೀರಿನ ಟ್ಯಾಂಕರೊಂದು ರಸ್ತೆಯ ಎಡಬದಿಗೆ ನಿಂತು ಕಟ್ಟೆಯಾಚೆಗಿನ ಯಾರದೋ ಮನೆಗೆ ನೀರು ಬಿಡುತ್ತಿತ್ತು. ಆಕೆ ಪೆಡಲ್ ಒತ್ತಿದಳು. ಕಾಲು ಹತ್ತಿಯ ಮೂಟೆಯೊಳಗೆ ಹೋದಂತೆ ಹೋಗಿ ನೆಲ ಮುಟ್ಟಿತು.

ಮತ್ತೆ ಒತ್ತಿದಳು. ಏನೂ ಇಲ್ಲ. "ರೀ, ಹಿಡೀತಿಲ್ಲ" ಎಂದಳು.

ಲಿಫ್ಟಣ್ಣ ಆಗಲೇ ಹ್ಯಾಂಡ್‌ಬ್ರೇಕ್ ಎಳೆಯತೊಡಗಿದ್ದ. ಒಮ್ಮೆಲೇ ಎಳೆದರೆ ಹಿಂದಿನ ಚಕ್ರ ಜಾರಿ ಕಾರು ಗಿರಕಿ ಹೊಡೆಯುತ್ತದೆಂದು ಬಲ್ಲವನು. ಎಳೆಯುವುದು, ಸ್ವಲ್ಪ ಬಿಡುವುದು, ಮತ್ತೆ ಎಳೆಯುವುದು. "ಕೆಳಗೆ" ಎಂದ. ಆಕೆಗೆ ಹೊಳೆಯಲಿಲ್ಲ. "ಕೆಳಗೆ" ಎಂದು ಗೇರಿನ ಕಡೆ ಗಲ್ಲ ಚಾಚಿದ. ಆಗ ತಿಳಿಯಿತು. ಮೂರರಿಂದ ಎರಡಕ್ಕೆ ಇಳಿಸಿದಳು, ಎಂಜಿನ್ ಅರಚಿತು, ಇಬ್ಬರೂ ಮುಂದಕ್ಕೆ ಜಗ್ಗಿದರು. "ಕೆಳಗೆ." ಒಂದಕ್ಕೆ ತಳ್ಳಿದಳು, ಗೇರ್ ಕರಕರ ಎಂದು ಮುನಿಸಿಕೊಂಡು ಕೂತಿತು.

ವೇಗ ಇಳಿಯಿತು. ಆದರೆ ಟ್ಯಾಂಕರ್ ಹತ್ತಿರವಾಗುತ್ತಲೇ ಇತ್ತು, ಪೈಪು ಹಿಡಿದವನು ಬೆನ್ನು ಹಾಕಿ ನಿಂತಿದ್ದ. ಬಲಕ್ಕೆ ತಿರುಗಿಸೋಣವೆಂದರೆ ಎದುರಿನಿಂದ ಬಸ್ಸು ಏರಿ ಬರುತ್ತಿತ್ತು. ಗುಂಡಿ ಅಕ್ಕ ಸ್ಟೀರಿಂಗ್ ಅನ್ನು ಎಡಕ್ಕೆ ಒತ್ತಿದಳು. ಮುಂದಿನ ಚಕ್ರ ಕಲ್ಲಿನ ಕಟ್ಟೆಗೆ ಉಜ್ಜಿತು. ರಬ್ಬರ್ ಸುಟ್ಟ ವಾಸನೆ ಎದ್ದಿತು. ಇನ್ನಷ್ಟು ಒತ್ತಿ ಹಿಡಿದಳು. ಟೈರು ಢಮ್ಮೆಂದು ಒಡೆಯಿತು, ಕಾರು ಒಂದು ಕಡೆಗೆ ಕುಸಿದು, ಕಟ್ಟೆಯನ್ನು ಕೆರೆಯುತ್ತ ಸಾಗಿ, ಟ್ಯಾಂಕರಿನ ಹಿಂಬದಿಗೆ ಕೈಯಳತೆಯಲ್ಲಿ ನಿಂತಿತು.

ಪೈಪಿನವನು ತಿರುಗಿ ನೋಡಿದ. "ಏನಮ್ಮ ಇಷ್ಟು ಹತ್ತಿರ ನಿಲ್ಲಿಸಿದೀರಿ, ಗಾಡಿ ತೊಳೀಬೇಕಾ?" ಎಂದವನು, ಆಕೆಯ ಮುಖ ಕಂಡು ಪೈಪು ಕೆಳಗಿಟ್ಟ.

ಸ್ಟೀರಿಂಗಿನಿಂದ ಬೆರಳು ಬಿಡಿಸಲು ಆಕೆಗೆ ಸ್ವಲ್ಪ ಹೊತ್ತು ಹಿಡಿಯಿತು. ಲಿಫ್ಟಣ್ಣನ ಎಡಗೈ ಇನ್ನೂ ಹ್ಯಾಂಡ್‌ಬ್ರೇಕಿನ ಮೇಲೇ ಇತ್ತು.

ಆಮೇಲೆ ಇಳಿದು ಚಕ್ರಗಳಿಗೆ ಕಲ್ಲು ಕೊಟ್ಟಳು. ಸ್ಟೆಪ್ನಿ ಹೊರತೆಗೆದು, ಜಾಕಿ ಹಾಕಿ, ಚಿಂದಿಯಾದ ಚಕ್ರ ಬಿಚ್ಚಿದಳು. ನಟ್ಟುಗಳು ಕೈಯಿಂದ ಜಾರಿ ಬೀಳುತ್ತಿದ್ದವು. ಪೈಪಿನವನು ಅವನ್ನು ಆರಿಸಿ ಕೊಟ್ಟ. ಅಷ್ಟರಲ್ಲಿ ಲಿಫ್ಟಣ್ಣ ಇಳಿದು ಬಂದು, ಕಟ್ಟೆಯ ಮೇಲೆ ಕೂತು, ಕೈ ಚಾಚಿ ಕ್ಯಾಲಿಪರ್‌ನ ಆ ಪುಟ್ಟ ತಿರುಪನ್ನು ಮುಟ್ಟಿದ. ಅದು ಕ್ಯಾಲಿಪರ್‌ನ ತಳದಲ್ಲಿ ನೆಲ ನೋಡುತ್ತಿತ್ತು. ಅವನ ಬೆರಳು ಅಲ್ಲಿಂದ ನಿಧಾನವಾಗಿ ಏರಿ ತುದಿಗೆ ಬಂದು ನಿಂತಿತು.

"ಮೇಲೆ" ಎಂದ.

ಗುಂಡಿ ಅಕ್ಕ ನೋಡಿದಳು. ನೀರಿನಲ್ಲಿ ಅದ್ದಿದ ಟ್ಯೂಬಿನ ಗುಳ್ಳೆಗಳು ಯಾವ ಕಡೆಗೆ ಏಳುತ್ತಿದ್ದವು? ಗಾಳಿ ಏರುವುದೇ ಮೇಲಕ್ಕೆ. ಅದು ಹೊರಹೋಗುವ ಬಾಯಿ ತಳದಲ್ಲಿದ್ದರೆ ಗಾಳಿಯೆಲ್ಲ ಒಳಗೇ ಉಳಿಯುತ್ತದೆ. ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ ತಾನೇ ಎರಡನ್ನೂ ತಲೆಕೆಳಗು ಮಾಡಿದ್ದಳು.

"ನೀವು ನಿನ್ನೆಯಿಂದ ಇದನ್ನೇ ಹೇಳ್ತಿದ್ರಿ" ಎಂದಳು. "ನಾನು ಕೇಳಿಸ್ಕೊಳ್ಳಲೇ ಇಲ್ಲ."

ಅವನು ತಲೆಯಾಡಿಸಿದ.

"ಬ್ರೇಕ್ ಹಿಡಿಯಲ್ಲ ಅಂತ ಗೊತ್ತಿದ್ದೂ ಬಂದು ಕೂತ್ರಲ್ಲ." ರಸ್ತೆಬದಿಯಲ್ಲಿ, ಟ್ಯಾಂಕರಿನವನ ಎದುರಿಗೇ ಆಕೆ ಅತ್ತುಬಿಟ್ಟಳು. ಲಿಫ್ಟಣ್ಣ ಆಯಿಲ್ಲಾದ ಆಕೆಯ ಕೈಯನ್ನು ತನ್ನ ಅಂಗಿಯಲ್ಲಿ ಒರೆಸಿದ. "ಸಾಕು" ಎಂದ.

ಸುದ್ದಿ ಕೇಳಿ ಕೆಳಗಿನಿಂದ ಗ್ಯಾರೇಜಿನವನು ಓಡಿ ಬಂದ. ಸ್ಟೆಪ್ನಿ ಹಾಕಿ, ಹಿಂದಿನಿಂದ ಹಗ್ಗ ಕಟ್ಟಿ ಹಿಡಿಯಲು ಇಬ್ಬರು ಆಳುಗಳನ್ನು ನಿಲ್ಲಿಸಿ, ಕಾರನ್ನು ಮೆಲ್ಲಗೆ ತನ್ನ ಅಂಗಳಕ್ಕೆ ಇಳಿಸಿಕೊಂಡ. "ಗಾಡಿ ಕಳಿಸೋದು ನನ್ನಿಂದ ತಡ ಆಯ್ತು ಅಕ್ಕ, ನಾನೇ ಮಾಡ್ಕೊಡ್ತೀನಿ" ಎಂದ, ಮುಖ ಸಣ್ಣದು ಮಾಡಿಕೊಂಡು.

"ಬೇಡ. ನಾನೇ ಬಿಚ್ಚಿ ಹಾಕ್ತೀನಿ, ನೀನು ಎದುರಿಗೆ ನಿಂತು ನೋಡು. ತಪ್ಪಿದ್ರೆ ಹೇಳು."

ಕ್ಯಾಲಿಪರ್‌ಗಳು ಅದಲುಬದಲಾದವು. ಲಿಫ್ಟಣ್ಣ ಮತ್ತೆ ಎಡಗಾಲು ಚಾಚಿ ಕೂತ. ಈ ಸಲ ಆಕೆ ತಿರುಪು ಸಡಿಲಿಸಿದಾಗ, ಕುದಿಯುವ ನೀರಿನಂತೆ ಗುಳ್ಳೆಗಳು ಬಂದೇ ಬಂದವು. ನಿಲ್ಲುವ ಹೊತ್ತಿಗೆ ಪೆಡಲ್ ಮೊದಲ ಒತ್ತಿಗೇ ಕಲ್ಲಿನಂತಾಗಿತ್ತು. ಗ್ಯಾರೇಜಿನವನು ತಾನೂ ಒತ್ತಿ ನೋಡಿ, ಅಂಗಳದಲ್ಲಿ ಓಡಿಸಿ ನೋಡಿ, ಹೊಸ ಟೈರು ಹಾಕಿಸಿ, ಆಮೇಲೆ ಕೀಲಿ ಕೊಟ್ಟ.

ತಮ್ಮ ಸಂಜೆ ಬಂದ. ಬೈಯುತ್ತಾನೆಂದು ಆಕೆ ಕಾದಿದ್ದಳು. ಅವನು ಭಾವನ ಪಕ್ಕ ಕೂತು, "ಇನ್ನೊಂದು ಸಲ ಇಂಥ ಕೆಲಸ ಇದ್ರೆ ನನ್ನನ್ನೂ ಕರಿ ಅಕ್ಕ. ಬೇಡ ಅನ್ನೋಕಾದ್ರೂ ಒಬ್ಬ ಇರ್ತೀನಿ" ಎಂದಷ್ಟೇ ಹೇಳಿದ.

ಆ ಮೇಲೆ ವಾರವಾರ ಕಾರು ಇಳಿಯಿತು, ಏರಿತು. ಲಿಫ್ಟಣ್ಣನ ಕಾಲು ಒಂದಿಷ್ಟು ಬಲವಾಯಿತು. ಮಾತು ಅಷ್ಟಾಗಿ ಬರಲಿಲ್ಲ. ಆದರೆ ಅವನು ಏನಾದರೂ ಅಂದಾಗ ಗುಂಡಿ ಅಕ್ಕ ಕೈಲಿದ್ದ ಕೆಲಸ ಬಿಟ್ಟು, "ಇದಾ? ಅದಾ? ಕಿಟಕೀನಾ?" ಎಂದು ಒಂದೊಂದೇ ತೋರಿಸಿ ಕೇಳುತ್ತಿದ್ದಳು. ಎಷ್ಟೋ ಸಲ ಅಂಗಡಿಯಲ್ಲಿ ಗಿರಾಕಿಗಳು ಕಾಯುತ್ತ ನಿಂತಿರುತ್ತಿದ್ದರು.

ಭಯ ಮಾತ್ರ ಬಿಡಲಿಲ್ಲ. ಎರಡನೇ ತಿರುವು ದಾಟಿ ನೇರ ರಸ್ತೆ ಕಂಡೊಡನೆ ಇವತ್ತಿಗೂ ಆಕೆಯ ಅಂಗೈ ಬೆವರುತ್ತದೆ. ಬ್ರೇಕ್ ಚೆನ್ನಾಗಿದೆ ಎಂದು ಗೊತ್ತಿದ್ದರೂ ಗೇರ್ ಎರಡಕ್ಕೆ ಇಳಿಸುತ್ತಾಳೆ. ಹಿಂದಿನ ಗಾಡಿಯವರು ಹಾರ್ನ್ ಹೊಡೆಯುತ್ತಾರೆ. ಹೊಡೆಯಲಿ ಎಂದುಕೊಂಡು, ಮೆಲ್ಲಗೆ, ರಸ್ತೆಯ ಎಡಬದಿಗೆ ಸರಿದು ಇಳಿಯುತ್ತಾಳೆ.