ಖಾಲಾ ಹೇಳಿ ಬರೆಸಿದ ಕತೆ

ಅವರ ಬಲಗೈ ಒಂದೇ ಸಮನೆ ನಡುಗುತ್ತಿತ್ತು. ಎಡಗೈಯಿಂದ ಅದನ್ನು ಹಿಡಿದು, ಬೆದರಿದ ಹಕ್ಕಿಮರಿಯನ್ನು ಕೂರಿಸುವಂತೆ ಮಡಿಲಲ್ಲಿಟ್ಟುಕೊಂಡು ಮಾತಿಗೆ ಕೂರುತ್ತಿದ್ದರು. ಹೇಗಿದ್ದೀರಿ ಎಂದರೆ, ಇಲ್ಲಿನ ಐರಿಶ್ ಜನರ ಹಾಗೆಯೇ, “ಗ್ರ್ಯಾಂಡ್, ಗ್ರ್ಯಾಂಡ್.” ಚಹಾದ ಪುಟ್ಟ ಗಾಜಿನ ಲೋಟವನ್ನು ಮಾತ್ರ ನನ್ನ ಕಡೆ ಸರಿಸಿ, ಅರ್ಧ ನಿನ್ನ ಲೋಟಕ್ಕೆ ಸುರಿದುಕೋ ಎನ್ನುತ್ತಿದ್ದರು. ತುಂಬಿದ್ದರೆ ಚೆಲ್ಲುತ್ತದಲ್ಲ.

ಐರ್ಲೆಂಡಿನ ಡನ್ ಲಿಯರಿಯಲ್ಲಿ ಅವರು ನಮ್ಮ ಪಕ್ಕದ ಮನೆಯವರು. ಬಾಗ್ದಾದಿನವರು, ಅರಬ್ಬಿಯಲ್ಲಿ ಸಣ್ಣಕತೆ ಬರೆಯುತ್ತಿದ್ದರು. ನಮ್ಮ ಮಾತುಕತೆ ಇಂಗ್ಲಿಷಿನಲ್ಲಿ. ನಾನು ಖಾಲಾ ಎನ್ನುತ್ತಿದ್ದೆ. ಅವರಲ್ಲಿ ಹಾಗೆಂದರೆ ಚಿಕ್ಕಮ್ಮ. ಊರು ಬಿಡುವಾಗ ಬಟ್ಟೆಗಿಂತ ಮೊದಲು ಕತೆಗಳ ಹಸ್ತಪ್ರತಿಗಳನ್ನು ದಿಂಬಿನ ಕವರಿಗೆ ತುಂಬಿಕೊಂಡು ಹೊರಟವರಂತೆ. ಆ ಅಭ್ಯಾಸ ಇಲ್ಲಿಗೆ ಬಂದ ಮೇಲೂ ಹೋಗಲಿಲ್ಲ. ವಾರ್ಡ್‌ರೋಬಿನ ಮೇಲೆ ಕತೆ ತುಂಬಿದ ಕವರುಗಳು ಸಾಲಾಗಿ ಮಲಗಿರುತ್ತಿದ್ದವು. ಮಂಚದಲ್ಲಿ ಅವರು ತಲೆಯಿಡುವ ದಿಂಬಿಗೆ ಕವರಿರಲಿಲ್ಲ. ಹೊಸದೊಂದು ಜೊತೆ ತಂದುಕೊಟ್ಟೆ. ಮುಂದಿನ ಸಲ ಹೋದಾಗ ಅವೂ ಮೇಲೇರಿದ್ದವು.

ಕೈ ಪೆನ್ನು ಹಿಡಿಯದಂತಾದ ಮೇಲೆ ಒಂದು ಬೆಳಿಗ್ಗೆ ಕರೆದರು.

“ಮಗಳೇ, ಒಂದೇ ಒಂದು ಕತೆ ಉಳಿದಿದೆ. ಮಿಕ್ಕಿದ್ದೆಲ್ಲ ಪುಸ್ತಕದ ಅರಬ್ಬಿ. ನನ್ನ ಮಗ ಇಲ್ಲೇ ಬೆಳೆದವನು, ಅದು ಅವನಿಗೆ ಓದೋಕೂ ಬರಲ್ಲ, ಕೇಳಿದರೂ ತಿಳಿಯಲ್ಲ. ಇದನ್ನ ಅಡುಗೆಮನೆ ಮಾತಲ್ಲಿ ಹೇಳ್ತೀನಿ. ಒಂದು ಕತೆಯಾದರೂ ಅವನಿಗೆ ಮುಟ್ಟಲಿ.”

“ಫೋನಲ್ಲಿ ರೆಕಾರ್ಡ್ ಮಾಡುವ, ಖಾಲಾ.”

“ಫೋನಿಗೆ ನಾನು ಹರಟೆ ಹೊಡೀತೀನಿ. ಕತೆ ಅಂದರೆ ಬರೀಬೇಕು, ಹೊಡೆದು ಹಾಕಬೇಕು, ಮತ್ತೆ ಬರೀಬೇಕು. ನೀನು ಬರಿ.”

“ನನಗೆ ಅರಬ್ಬಿ ಬರುದಿಲ್ಲ!”

“ಕಿವಿ ಇದೆಯಲ್ಲ?”

ಮನೆಯಲ್ಲಿ ಕೊಂಕಣಿ ಆಡಿ ಅದನ್ನು ಕನ್ನಡ ಲಿಪಿಯಲ್ಲಿ ಬರೆಯುವ ಮಂಗಳೂರಿನ ಕ್ರಿಶ್ಚಿಯನ್ನರು ನಾವು. ಒಂದು ಭಾಷೆಗೆ ಇನ್ನೊಂದರ ಅಕ್ಷರ ತೊಡಿಸುವುದು ನನಗೆ ಹೊಸದಲ್ಲ. ಕಾನ್ವೆಂಟಿನ ಸಿಸ್ಟರ್ ತಿದ್ದಿಸಿದ ದುಂಡು ಅಕ್ಷರದಲ್ಲಿ, ಅರ್ಥವಾಗದ ಆ ಮಾತನ್ನು ಕಿವಿಗೆ ಬಿದ್ದ ಹಾಗೆ ಕನ್ನಡದಲ್ಲಿ ಬರೆದುಕೊಂಡೆ. ನಮ್ಮಲ್ಲಿಲ್ಲದ ಸದ್ದು ಬಂದರೆ ಅಕ್ಷರದ ಕೆಳಗೊಂದು ಚುಕ್ಕಿ. “ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕ ಹಾಗೆ ಹೇಳು,” ಎಂದು ತಿದ್ದುತ್ತಿದ್ದರು. ಹಾಳೆ ನೋಡಿ ನಗು: “ನಿನ್ನ ಮನೆ ಊಟ ಉಂಡು ನನ್ನ ಮಾತು ಎಷ್ಟು ದಪ್ಪಗಾಗಿದೆ ನೋಡು!” ಬರೆದದ್ದನ್ನು ಓದಿದರೆ ಕಣ್ಣು ಮುಚ್ಚಿ ಕೇಳುತ್ತಿದ್ದರು. ಒಂದು ವಾಕ್ಯವನ್ನು ಹೊಡೆಸಿ, ಮರುದಿನ ಅದನ್ನೇ ಮತ್ತೆ ಬರೆಸಿದ್ದೂ ಉಂಟು. ಅರ್ಥ ಹೇಳಿ ಎಂದರೆ, “ಮೊದಲು ಅವನಿಗೆ.”

“ಕೊನೆ ನಾಳೆ,” ಎಂದರು ಒಂದು ದಿನ. “ಇವತ್ತು ಉಸಿರು ಸಾಲದು.”

ಆ ಸಂಜೆ ಆಂಬುಲೆನ್ಸ್ ಬಂತು. ಆಸ್ಪತ್ರೆಯಿಂದ ಅವರು ಮರಳಲಿಲ್ಲ.

ಮಣ್ಣು ಮಾಡಿದ ಮೇಲೆ, ಕಾರ್ಕ್ ನಗರದಲ್ಲಿ ಕೆಲಸದಲ್ಲಿದ್ದ ಮಗ ಮನೆ ಖಾಲಿ ಮಾಡಲು ನಿಂತ. ನಾನು ಚಹಾ ಒಯ್ದಾಗ ಆ ಕವರುಗಳ ನಡುವೆ ನೆಲದ ಮೇಲೆ ಕೂತಿದ್ದ.

“ಅಮ್ಮ ಇಷ್ಟು ಬರೆದಿದ್ದಾಳೆ. ನನಗೆ ಒಂದಕ್ಷರ ಓದೋಕೆ ಬರಲ್ಲ.”

“ಒಂದುಂಟು,” ಎಂದೆ. “ನಾನು ಓದ್ತೇನೆ. ನನಗೆ ಅರ್ಥ ಆಗುದಿಲ್ಲ, ನಿಮಗೆ ಆಗ್ತದೆ.”

ಮನೆಯಿಂದ ಹಾಳೆಗಳನ್ನು ತಂದು ಅವನೆದುರು ಕೂತು ಓದತೊಡಗಿದೆ. ಮೊದಲ ಸಾಲಿಗೇ ತಲೆಯೆತ್ತಿದ. ಒಂದೆಡೆ ಜೋರಾಗಿ ನಕ್ಕುಬಿಟ್ಟ; ಅಲ್ಲಿ ನಗು ಇದೆಯೆಂದು ನನಗೆ ಗೊತ್ತಾದದ್ದೇ ಆಗ. ಸ್ವಲ್ಪ ಹೊತ್ತಿಗೆ ಅಂಗಿಯ ತೋಳನ್ನು ಬಾಯಿಗೆ ಒತ್ತಿಕೊಂಡ. ನಿಲ್ಲಿಸಿದೆ. ಓದಿ ಎಂದು ಕೈಯಲ್ಲೇ ಸನ್ನೆ ಮಾಡಿದ. ಏನು ಓದುತ್ತಿದ್ದೇನೆಂದು ತಿಳಿಯದೆ, ಖಾಲಾ ನಿಲ್ಲುತ್ತಿದ್ದಲ್ಲಿ ನಿಂತು, ಎಳೆಯುತ್ತಿದ್ದಲ್ಲಿ ಎಳೆದು, ಬರೆದಷ್ಟನ್ನೂ ಓದಿ ಮುಗಿಸಿದೆ.

“ಆಮೇಲೆ?” ಎಂದ. ನಡುವಯಸ್ಸಿನ ಗಂಡಸು, ಕೇಳಿದ್ದು ಮಾತ್ರ ಕತೆಗೆ ಕಾದ ಮಗುವಿನ ದನಿಯಲ್ಲಿ.

“ಅಷ್ಟೇ ಹೇಳಿದ್ದು.”

ಕಡೆಯ ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡ. ಆ ಲಿಪಿಯೂ ಅವನಿಗೆ ಬಾರದು. ಆದರೂ ಹಾಳೆ ಮಗುಚಿ, ಏನೂ ಬರೆಯದ ಹಿಂಬದಿಯನ್ನು ಬಹಳ ಹೊತ್ತು ನೋಡುತ್ತಲೇ ಇದ್ದ.