ಕಾಲುಚೀಲದಾಕಾರದ ಜೋಮು

ಕಡೂರಿನ ಮನೆಯಲ್ಲಿ ಕೂತು ನಾನು ಜರ್ಮನಿಯ ಆಸ್ಪತ್ರೆ ವರದಿಗಳನ್ನು ಇಂಗ್ಲಿಷಿಗೆ ತರುತ್ತೇನೆ. ನರದ ಕಾಯಿಲೆ, ಮುಟ್ಟಿದ್ದು ತಿಳಿಯದ ಕಾಯಿಲೆ, ಇಂಥವೇ ಹೆಚ್ಚು. ಜರ್ಮನರು ಒಂದು ಕಾಯಿಲೆಗೆ ಹೆಸರಿಡಲು ನಾಲ್ಕು ಪದಗಳನ್ನು ಗೂಡ್ಸ್ ಗಾಡಿಯ ಡಬ್ಬಿಗಳ ಹಾಗೆ ಜೋಡಿಸಿಬಿಡುತ್ತಾರೆ. ಬಿಚ್ಚಿ ಇಳಿಸುವ ಹಮಾಲಿ ಕೆಲಸ ನನ್ನದು.

ಅಜ್ಜಂಪುರದ ನನ್ನ ಸೋದರತ್ತೆಗೆ ಇದೊಂದು ದೊಡ್ಡ ತಮಾಷೆ. "ಕಂಡರಿಯದೋರ ಕಾಲುನೋವು ನಿನಗ್ಯಾಕೆ ಕಣೇ?" ಎನ್ನುತ್ತಿದ್ದರು. ಮನೆಮಂದಿಯೆಲ್ಲ ಸೇರಿ ನಾವೂ ಅವರನ್ನು ಬಿಡುತ್ತಿರಲಿಲ್ಲ. ತೆಂಗಿನ ತೋಟಕ್ಕೆ ಹೋದವರು ಎರಡು ಸಲ ಒಂದೇ ಚಪ್ಪಲಿಯಲ್ಲಿ ವಾಪಸು ಬಂದಿದ್ದರು. "ಇನ್ನೊಂದನ್ನ ಯಾವ ಮರಕ್ಕೆ ತೊಡಿಸಿ ಬಂದೆ ಅತ್ತೆ?" ಎಂದು ಶುರು ಹಚ್ಚಿಕೊಂಡವಳು ನಾನೇ. ಅವರು ಎಲ್ಲರಿಗಿಂತ ಜೋರಾಗಿ ನಕ್ಕರು. ಮರುದಿನದಿಂದ ಚಪ್ಪಲಿಯನ್ನು ತೆಂಗಿನ ಹುರಿಯಿಂದ ಕಾಲಿಗೆ ಬಿಗಿದುಕೊಂಡೇ ಓಡಾಡತೊಡಗಿದರು. ನಾವು ಅದಕ್ಕೂ ನಕ್ಕೆವು.

ಒಂದು ಮಧ್ಯಾಹ್ನ ವರದಿಯೊಂದರಲ್ಲಿ 'ಕಾಲುಚೀಲದಾಕಾರದ ಜೋಮು' ಎಂಬರ್ಥದ ಮಾತು ಬಂತು. ಕಾಲುಚೀಲ ಹಾಕುವಷ್ಟು ಜಾಗದಲ್ಲಿ ಸ್ಪರ್ಶವೇ ತಿಳಿಯದಿರುವುದು. ಹತ್ತಾರು ಸಲ ಬರೆದದ್ದು, ಇಂಗ್ಲಿಷ್ ತಾನಾಗಿ ಬೆರಳಿಗೆ ಬಂತು. ಮುಂದಿನ ಸಾಲು: ಚಪ್ಪಲಿ ಕಾಲಿನಿಂದ ಜಾರಿದರೂ ರೋಗಿಗೆ ಗೊತ್ತಾಗುವುದಿಲ್ಲ.

ವರದಿಯನ್ನು ಅಲ್ಲಿಗೇ ಬಿಟ್ಟು ಅಜ್ಜಂಪುರದ ಬಸ್ಸು ಹತ್ತಿದೆ.

ಅತ್ತೆ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. "ಏನೇ, ಜರ್ಮನ್ನೋರೆಲ್ಲ ವಾಸಿ ಆದ್ರಾ?" ಎಂದರು. ನಾನು ಅವರ ಕಾಲನ್ನು ತೊಡೆಯ ಮೇಲೆಳೆದುಕೊಂಡು ಹುರಿ ಬಿಚ್ಚಿದೆ. ಹುರಿ ಚರ್ಮ ಕೊಯ್ದು ಒಳಗಿಳಿದಿತ್ತು, ಕೀವು ಕಟ್ಟಿತ್ತು.

"ನೋಯಲ್ವಾ ಅತ್ತೆ?"

"ಏನಾಗೈತೆ?" ಎಂದು ಅವರೂ ಬಗ್ಗಿ ನೋಡಿದರು.

ದೀಪದ ಬುಡದಲ್ಲೇ ಕತ್ತಲೆ ಎನ್ನುವುದು ನನ್ನಂಥವರಿಗೇ ಇರಬೇಕು. ನನ್ನ ಮೇಲೆ ನನಗೇ ಸಿಟ್ಟು ಬಂತು.

ಮರುದಿನ ತರೀಕೆರೆಯ ಡಾಕ್ಟರು ನೋಡಿ ಸಕ್ಕರೆ ಕಾಯಿಲೆ ಎಂದರು. ಗಾಯ ತೊಳೆದು ಪಟ್ಟಿ ಕಟ್ಟಿ, ಕಾಲು ಉಳಿಯುತ್ತದೆ, ಇನ್ನೊಂದು ತಿಂಗಳು ಬಿಟ್ಟಿದ್ದರೆ ಹೇಳಲಾಗುತ್ತಿರಲಿಲ್ಲ ಎಂದರು. ಆಮೇಲೆ ಅತ್ತೆಯನ್ನು, "ಕಾಲು ಹೀಗೆ ಮರಗಟ್ಟಿ ಎಷ್ಟು ದಿನ ಆಯ್ತಮ್ಮಾ?" ಎಂದು ಕೇಳಿದರು.

"ಎರಡು ವರ್ಸ ಆಗಿರ್ಬೇಕು."

"ಮನೇಲಿ ಹೇಳ್ಬಾರ್ದಿತ್ತಾ?"

"ಹೇಳಾಣ ಅಂತಿದ್ದೆ. ಇವರೆಲ್ಲ ಅಷ್ಟು ಚೆಂದಾಗಿ ನಗ್ತಿದ್ರಲ್ಲ, ಯಾಕೆ ಕೆಡಿಸೋದು ಅಂತ ಸುಮ್ನಾದೆ."