ಕೆಂಪು ಶಾಯಿಯ ‘ಸಾ’

ಹೂವಯ್ಯನವರು ಹೊಸನಗರದ ಒಂದು ಸಣ್ಣ ವಾಚನಾಲಯವನ್ನು ಹದಿನೈದು ವರ್ಷ ನೋಡಿಕೊಂಡವರು. ಎರಡು ಬೀರು, ಒಂದು ಬೆಂಚು, ಅಷ್ಟೇ ಅದರ ಆಸ್ತಿ. ಆದರೆ ಎಪ್ಪತ್ನಾಲ್ಕರಲ್ಲಿ ಅವರೊಂದು ರಿಜಿಸ್ಟರ್ ಮಾಡಿದರು. ತಮ್ಮಲ್ಲಿಲ್ಲದ ಪುಸ್ತಕದ ಹೆಸರಿನ ಮುಂದೆ, ಅದು ಹೊರಗೆ ಎಲ್ಲಿ ಸಿಗುತ್ತದೆಂದು ಕೆಂಪು ಶಾಯಿಯಲ್ಲಿ ಬರೆಯುವುದು: ಸಾಗರವಾದರೆ ‘ಸಾ’, ತೀರ್ಥಹಳ್ಳಿಯಾದರೆ ‘ತೀ’. ಅವರ ಚೀಟಿ ಹಿಡಿದು ಹೋದರೆ ಅಲ್ಲಿನ ವಾಚನಾಲಯದವರು ಪುಸ್ತಕ ಕೊಡುತ್ತಿದ್ದರು. ಊರವರು ಹೊಗಳಿದರು. ಹೂವಯ್ಯನವರು ಉಬ್ಬಿದ್ದೂ ನಿಜ.

ಮೊದಲೆರಡು ವರ್ಷ ಖುದ್ದು ಬಸ್ಸು ಹತ್ತಿ ಎರಡೂ ಊರಿನ ಪಟ್ಟಿ ನೋಡಿ ಬಂದರು. ಆಮೇಲೆ ಮೈಗಳ್ಳತನ ಹಿಡಿಯಿತು. ಗೊತ್ತಿಲ್ಲದ್ದಕ್ಕೆಲ್ಲ ‘ಸಾ’. ದೊಡ್ಡ ಊರು, ಇದ್ದೇ ಇರುತ್ತದೆ ಎಂಬ ಧೈರ್ಯ. ಬರಿಗೈಯಲ್ಲಿ ವಾಪಸಾದವರಿಗೆ, ಯಾರೋ ಒಯ್ದಿರಬೇಕು ಎಂದು ಹೇಳಿ ಕೈ ತೊಳೆದುಕೊಳ್ಳುತ್ತಿದ್ದರು.

ಎಂಬತ್ತೆರಡರಲ್ಲಿ ಹುಂಚದಿಂದ ಜಲಜಮ್ಮ ಬಂದರು. ಗಂಡ ತೀರಿಕೊಂಡ ಮೇಲೆ ರವಿಕೆ ಹೊಲಿದು ಮನೆ ನಡೆಸುತ್ತಿದ್ದವರು, ಹೊಲಿಗೆ ಟೀಚರ್ ಆಗಲು ಪರೀಕ್ಷೆ ಕಟ್ಟಿದ್ದರು. ವಯಸ್ಸಿನ ಲೆಕ್ಕದಲ್ಲಿ ಅದೇ ಕೊನೆಯ ಅವಕಾಶ. ಬಟ್ಟೆ ಕತ್ತರಿಸುವ ಕ್ರಮದ ಒಂದು ಪುಸ್ತಕ ಬೇಕಿತ್ತು. ಹೂವಯ್ಯನವರು ರಿಜಿಸ್ಟರ್ ನೋಡಿ ಸಾಗರಕ್ಕೆ ಚೀಟಿ ಬರೆದರು. ಅಲ್ಲಿ ಇರಲಿಲ್ಲ. ಮರುವಾರ ಆಕೆ ಮತ್ತೆ ಬಂದಾಗ, ತಲೆಯನ್ನೂ ಎತ್ತದೆ ತೀರ್ಥಹಳ್ಳಿಗೆ ಬರೆದರು. ಅಲ್ಲೂ ಇರಲಿಲ್ಲ. ಪುಸ್ತಕವಿಲ್ಲದೆ ಪರೀಕ್ಷೆ ಬರೆದ ಜಲಜಮ್ಮ ಫೇಲಾದರು.

ಆ ವರ್ಷದ ಕೊನೆಗೆ ಬೀರು ಒರೆಸುವಾಗ, ಹಳೆಯ ಪೇಪರುಗಳ ಅಡಿಯಲ್ಲಿ ಆ ಪುಸ್ತಕ ಸಿಕ್ಕಿತು. ಯಾರೋ ದಾನ ಕೊಟ್ಟದ್ದು. ಮೊದಲ ಪುಟದಲ್ಲಿ ಹೂವಯ್ಯನವರೇ ಒತ್ತಿದ ಸೀಲಿತ್ತು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದಂತೆ ಎನ್ನುತ್ತಾರೆ. ಇವರು ಹುಡುಕುವ ಕಷ್ಟವನ್ನೂ ತಾವು ಪಡಲಿಲ್ಲ, ಪಾಪದ ಹೆಂಗಸಿನ ಮೇಲೆ ಹೊರಿಸಿದರು.

ಮರುದಿನವೇ ಪುಸ್ತಕ ಹಿಡಿದು ಹುಂಚಕ್ಕೆ ಹೋದರು. ಜಗಲಿಯಲ್ಲಿ ಕೂತು ಇದ್ದದ್ದನ್ನು ಇದ್ದಂತೆ ಹೇಳಿದರು. ಬೈದರೆ ಒಳ್ಳೆಯದಿತ್ತು ಎಂದು ಅವರಿಗೆ ಅನ್ನಿಸಿತಂತೆ. ಜಲಜಮ್ಮ ಮೊದಲು ಕಾಫಿ ಕೊಟ್ಟರು. ಆಮೇಲೆ ಪುಸ್ತಕವನ್ನು ಒಂದೊಂದೇ ಪುಟ ತಿರುವಿ ನೋಡಿ, ವಾಪಸು ಅವರ ಕೈಗಿಟ್ಟರು.

“ನನ್ನ ಇನ್ನು ಪರೀಕ್ಷೆಗೆ ಕೂರ್ಸಲ್ಲ ಸಾರ್. ಮತ್ಯಾರಾದ್ರೂ ಕೇಳ್ಕಂಡು ಬಂದ್ರೆ, ಅವ್ರನ್ನ ಸಾಗರಕ್ಕೆ ಕಳಿಸ್ಬೇಡಿ.”

ಇದನ್ನೆಲ್ಲ ನನಗೆ ಹೇಳಿದವರು ಹೂವಯ್ಯನವರೇ, ಎಂಬತ್ತೊಂಬತ್ತರಲ್ಲಿ ವಾಚನಾಲಯವನ್ನು ನನಗೆ ವಹಿಸಿದ ದಿನ. ಬೀಗದ ಕೈ ಕೊಡುವ ಮೊದಲು ರಿಜಿಸ್ಟರಿನ ಆ ಪುಟ ತೆಗೆದರು. ಕೆಂಪು ‘ಸಾ’ ಹಾಗೇ ಇತ್ತು, ಅಳಿಸಿರಲಿಲ್ಲ. ಅದರ ಪಕ್ಕದಲ್ಲಿ ‘ಇಲ್ಲೇ ಇತ್ತು’ ಎಂದು ಬರೆದು ಸಹಿ ಹಾಕಿದ್ದರು. ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ. ನನಗೋ ಅವರ ಮೇಲೆ ಸಿಟ್ಟೇ ಬಂದಿತ್ತು.

ಆ ಸಿಟ್ಟು ಒಂದು ವರ್ಷವೂ ಬಾಳಲಿಲ್ಲ. ಅಷ್ಟರೊಳಗೆ ಒಂದು ದಿನ ಬ್ಯಾಕೋಡಿನಿಂದ ಬಂದ ಮುದುಕರೊಬ್ಬರಿಗೆ, ಬೀರು ತೆಗೆದು ನೋಡದೆ, ನಾನೂ ಸಾಗರಕ್ಕೆ ಚೀಟಿ ಬರೆದೆ. ಅವರು ಬಸ್ಸು ಹತ್ತಿದ ಮೇಲೆ ಬೀರು ತೆಗೆದೆ.